ಅಕ್ಕನ ಫೋಲ್ಡರ್ ನನ್ನ ಪರದೆಯಲ್ಲಿ

ನಾನು ಮನೆಗಳ ಪ್ಲಾನ್ ಬರೆಯುವವನು. ದಟ್ಟಗಳ್ಳಿಯ ಬಾಡಿಗೆ ಮನೆಯ ಹಾಲಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಇಂಜಿನಿಯರುಗಳು ಕಳಿಸಿದ ಅಳತೆಗೆ ಮೂವತ್ತು-ನಲವತ್ತರ ಸೈಟಿನೊಳಗೆ ಎರಡು ಬೆಡ್‌ರೂಮು, ಒಂದು ದೇವರ ಮನೆ, ಮೆಟ್ಟಿಲ ಕೆಳಗೊಂದು ಬಚ್ಚಲು ತುರುಕುವುದು ನನ್ನ ಕಸುಬು. ಮದುವೆಯಾಗಿಲ್ಲ. ಅಮ್ಮ ಇದ್ದಾಗ ಏಳು ಕಡೆ ಹೆಣ್ಣು ನೋಡಿ, ಏಳು ಕಡೆಯೂ ಉಪ್ಪಿಟ್ಟು ತಿಂದು ಬಂದು, ಆಮೇಲೆ ಆ ಸಹವಾಸವೇ ಸಾಕು ಅಂದುಬಿಟ್ಟೆ. ಸಿಟ್ಟು ಮೂಗಿನ ತುದಿಯಲ್ಲೇ ಇರುವವನಿಗೆ ಯಾರು ತಾನೇ ಹೆಣ್ಣು ಕೊಡುತ್ತಾರೆ?

ಅಮ್ಮ ಹೋದ ಮರುವರ್ಷ ಭಾವನೂ ತೀರಿಕೊಂಡರು. ಅಕ್ಕನಿಗೆ ಆಗ ನಲವತ್ತೊಂದು, ಮಕ್ಕಳಿಲ್ಲ. ಎರಡು ಸೂಟ್‌ಕೇಸು ಹಿಡಿದು ನನ್ನ ಮನೆಗೆ ಬಂದಳು. ಬಂದ ಮೇಲೆ ಸುಮ್ಮನೆ ಕೂರಲಿಲ್ಲ, ಸೀರೆ ಸೆರಗಿಗೆ ಕುಚ್ಚು ಕಟ್ಟುವ ಕೆಲಸ ಹಿಡಿದಳು. ಕೃಷ್ಣಮೂರ್ತಿಪುರಂನ ಬ್ಲೌಸ್ ಅಂಗಡಿಯೊಂದರಿಂದ ಸೀರೆಗಳು ಬರುತ್ತಿದ್ದವು. ಹೊಸ ಹೊಸ ಡಿಸೈನ್ ಬೇಕು ಅಂತ ನಾನು ಹೊರಗೆ ಹೋದಾಗಲೆಲ್ಲ ಕಂಪ್ಯೂಟರ್ ಮುಂದೆ ಕೂರುವುದನ್ನು ಕಲಿತಳು. ಒಂದು ದಿನ ನಾನು ಬರೆಯುತ್ತಿದ್ದ ಪ್ಲಾನನ್ನು ಸೇವ್ ಮಾಡದೆ ಮುಚ್ಚಿಬಿಟ್ಟಳು. ಎರಡು ದಿನದ ಕೆಲಸ ಮಣ್ಣುಪಾಲಾಯಿತು. ನಾನು ಮನೆ ಹಾರಿಹೋಗುವಂತೆ ಕೂಗಾಡಿದೆ.

ಸಿಟ್ಟಿಳಿದ ಮೇಲೆ ಅವಳಿಗೆ ಬೇರೆ ಅಕೌಂಟ್ ಮಾಡಿಕೊಟ್ಟೆ. ಅವಳ ಪಾಸ್‌ವರ್ಡ್ ಅವಳಿಗೆ, ನನ್ನದು ನನಗೆ. ಆದರೆ ಹೊಸ ತಲೆನೋವು ಶುರುವಾಯಿತು. "ಲೋ, ಗ್ಯಾಸ್ ಬುಕ್ ಮಾಡೋ ಪೇಜು ನಿಂದ್ರಲ್ಲಿತ್ತು, ನಂದ್ರಲ್ಲಿಲ್ಲ ಕಣೋ" ಅಂತ ಅಡುಗೆಮನೆಯಿಂದ ಬರುತ್ತಿದ್ದಳು. ಪಂಚಾಂಗದ ಪೇಜು, ಬಸ್ಸಿನ ವೇಳೆಯ ಪೇಜು, ಎಲ್ಲಕ್ಕೂ ಇದೇ ಕಥೆ. ಕೊನೆಗೆ ಎರಡೂ ಅಕೌಂಟಿನ ಬ್ರೌಸರಿಗೆ ಒಂದೇ ಲಾಗಿನ್ ಕೊಟ್ಟು, ಉಳಿಸಿಟ್ಟ ಪೇಜುಗಳನ್ನು, ಅಂದರೆ ಇಬ್ಬರ ಬುಕ್‌ಮಾರ್ಕುಗಳನ್ನೂ ಒಂದು ಮಾಡಿದೆ. ಇಲ್ಲಿ ಉಳಿಸಿದ್ದು ಅಲ್ಲಿ ಕಾಣುತ್ತದೆ, ಅಲ್ಲಿ ಅಳಿಸಿದ್ದು ಇಲ್ಲೂ ಹೋಗುತ್ತದೆ. ಒಂದು ಅಡುಗೆಮನೆಗೆ ಎರಡು ಬಾಗಿಲು ಇಟ್ಟ ಹಾಗೆ ಅಂತ ಅವಳಿಗೆ ವಿವರಿಸಿದ್ದೂ ಉಂಟು. "ಸರಿ ಬುಡು, ಒಳ್ಳೇದಾಯ್ತು" ಅಂದಳು. ಆಮೇಲೆ ಅದನ್ನು ಪೂರ್ತಿ ಮರೆತೇಬಿಟ್ಟಳು.

ಮರೆತಳು ಅಂತ ನನಗೆ ಗೊತ್ತಾದದ್ದು ಮೂರು ವರ್ಷದ ಮೇಲೆ. ಒಂದು ಬೆಳಿಗ್ಗೆ ನನ್ನ ಪರದೆಯಲ್ಲಿ, ಬುಕ್‌ಮಾರ್ಕುಗಳ ನಡುವೆ, 'ಕುಚ್ಚು ಹೊಸದು' ಅನ್ನುವ ಫೋಲ್ಡರ್ ಇತ್ತು. ಒಳಗೆ ಒಂದೇ ಒಂದು ಪೇಜು. ಒತ್ತಿದರೆ ಮರುಮದುವೆಯ ಸೈಟಿನಲ್ಲಿ ಒಬ್ಬ ಗಂಡಸಿನ ವಿವರ ತೆರೆದುಕೊಂಡಿತು. ನಜರ್‌ಬಾದಿನವರು, ಐವತ್ತೊಂದು ವರ್ಷ, ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ, ಸ್ವಂತ ಸೈಕಲ್ ಅಂಗಡಿ. ಸಾಧಾರಣ ಮುಖ, ಕಿವಿಯ ಹತ್ತಿರ ನರೆ. ತಮ್ಮ ಬಗ್ಗೆ ಹೇಳಿಕೊಳ್ಳುವ ಜಾಗದಲ್ಲಿ ಒಂದೇ ಸಾಲು ಬರೆದಿದ್ದರು: ನನಗೆ ಅಡುಗೆ ಚೆನ್ನಾಗಿ ಬರುತ್ತದೆ.

ಆ ಸಾಲು ಓದಿ ಮೈಯೆಲ್ಲ ಉರಿದುಹೋಯಿತು. ಅಡುಗೆ ಬರುತ್ತದಂತೆ. ನಮ್ಮಕ್ಕನ ಉಪ್ಸಾರು ತಿಂದು ನೋಡಲಿ ಅಂತ ಒಬ್ಬನೇ ಗೊಣಗಿಕೊಂಡೆ. ಆಮೇಲೆ ಇನ್ನೊಂದು ಹೊಳೆಯಿತು. ಅವಳು ಹೋದರೆ ಈ ಮನೆಯಲ್ಲಿ ನಾನೊಬ್ಬನೇ. ನನಗೆ ಭಯವಾಯಿತು, ಅಷ್ಟೇ. ಆ ಪೇಜಿನ ವಿಳಾಸವನ್ನು ನನ್ನದೊಂದು ಫೈಲಿನಲ್ಲಿ ಬರೆದಿಟ್ಟುಕೊಂಡೆ. ಯಾಕೆ ಬರೆದಿಟ್ಟೆ ಅಂತ ಆಗ ನನಗೇ ತಿಳಿಯಲಿಲ್ಲ.

ಆ ಭಾನುವಾರ ಮುದ್ದೆ ಮುರಿಯುತ್ತಾ ಒಂದು ಸುಳ್ಳು ಹೇಳಿದೆ. "ನಮ್ಮ ಇಂಜಿನಿಯರ್ ಒಬ್ರು ಇನ್ನೊಂದು ಮದ್ವೆ ಮಾಡ್ಕೊಂಡ್ರಂತೆ ಕಣಕ್ಕ. ಐವತ್ತು ದಾಟ್ಬುಟ್ಟದೆ. ಆ ಹೆಂಗಸಿಗೂ ನಲವತ್ತರ ಮೇಲಂತೆ. ಈ ವಯಸ್ಸಲ್ಲಿ ನಾಚ್ಕೆ ಆಗಲ್ವಾ ಜನಕ್ಕೆ?"

ಅಂಥ ಇಂಜಿನಿಯರ್ ಯಾರೂ ಇರಲಿಲ್ಲ. ಬಾಯಿತಪ್ಪಿ ಬಂದ ಮಾತು ಅಂತ ನಾನು ಹೇಳಿಕೊಳ್ಳಬಹುದು, ಆದರೆ ಅಲ್ಲ. ಎರಡು ದಿನ ಯೋಚಿಸಿ ಆಡಿದ್ದು. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು, ಒಂದು ಸೌಟು ಸಾರು ಬಡಿಸಿದಳು, ಕೈ ತೊಳೆಯಲು ಎದ್ದುಹೋದಳು. ಎರಡು ಬಾಗಿಲಿನ ಮಾತು ಅವಳಿಗೆ ಆಗ ನೆನಪಾಗಿರಬೇಕು. ಮರುದಿನ ಫೋಲ್ಡರ್ ಇರಲಿಲ್ಲ.

ನನಗೆ ಸಮಾಧಾನವಾಯಿತು. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು. ಆದರೆ ಅವತ್ತಿನಿಂದ ಅಕ್ಕ ಬದಲಾದಳು. ಜಗಳವಿಲ್ಲ, ಮುನಿಸಿಲ್ಲ, ಊಟ ತಿಂಡಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಮಾತು ಮಾತ್ರ ಕಮ್ಮಿಯಾಯಿತು. ಮುಂಚೆ ಸೊಪ್ಪಿನವಳ ಜೊತೆ ಗೇಟಿನಲ್ಲಿ ಅರ್ಧ ಗಂಟೆ ಹರಟುತ್ತಿದ್ದವಳು ಈಗ ಕಟ್ಟು ತೆಗೆದುಕೊಂಡು ಒಳಗೆ ಬಂದುಬಿಡುತ್ತಿದ್ದಳು. ಕಂಪ್ಯೂಟರಿನಲ್ಲಿ ಕುಚ್ಚಿನ ಡಿಸೈನು ನೋಡುತ್ತಿದ್ದಳು, ಆದರೆ ಒಂದನ್ನೂ ಉಳಿಸುತ್ತಿರಲಿಲ್ಲ. ಅದೇ ಪೇಜನ್ನು ಪ್ರತಿ ಸಲವೂ ಒಂದೊಂದೇ ಅಕ್ಷರ ಒತ್ತಿ ಹುಡುಕುತ್ತಿದ್ದಳು. ನನ್ನ ಮನೆಯಲ್ಲಿ ಅವಳು ಬಾಡಿಗೆಗೆ ಇರುವವಳಂತೆ ನಡೆದುಕೊಳ್ಳುತ್ತಿದ್ದಳು. ಗೋಡೆಯಾಚೆ ಅವಳಿದ್ದರೂ ಎಷ್ಟೋ ಮಧ್ಯಾಹ್ನ ನನಗೆ ಮನೆ ಬಿಕೋ ಅನ್ನುತ್ತಿತ್ತು.

ಹೀಗೆ ಎಂಟು ತಿಂಗಳು ತಳ್ಳಿದೆ. ಪ್ರತಿ ವಾರವೂ, ನಾನು ಆಡಿದ್ದು ಸುಳ್ಳು ಅಂತ ಮುಂದಿನ ವಾರ ಹೇಳೋಣ ಅಂದುಕೊಳ್ಳುತ್ತಿದ್ದೆ. ಮಾತಾಡಲು ಧೈರ್ಯ ಬರಲೇ ಇಲ್ಲ. ಕಡೆಗೊಂದು ದಿನ ಅಕ್ಕ ಸೀರೆ ಕೊಡಲು ಹೋಗಿದ್ದಾಗ ಆ ವಿಳಾಸವನ್ನು ಹುಡುಕಿ ತೆಗೆದೆ. 'ಕುಚ್ಚು ಹೊಸದು' ಅಂತ ಮತ್ತೆ ಫೋಲ್ಡರ್ ಮಾಡಿ ಅದರೊಳಗಿಟ್ಟೆ. ಪೇಜನ್ನು ತೆರೆದು ನೋಡಲಿಲ್ಲ. ಆ ಮುಖವನ್ನು ಇನ್ನೊಮ್ಮೆ ನೋಡಿದರೆ ನನ್ನ ಮನಸ್ಸು ಬದಲಾಗಬಹುದು ಅನ್ನಿಸಿತು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ತಟ್ಟೆಗೆ ಅನ್ನ ಹಾಕುತ್ತಾ ಕೇಳಿದಳು, "ಅದು ನೀನೇ ಹಾಕಿದ್ದಾ?"

"ಹೂಂ."

"ನೋಡ್ದೆ. ಅವ್ರಿಗೆ ಬೇರೆ ಸಂಬಂಧ ಕೂಡಿ ಬಂದದೆ ಅಂತ ಬರ್ದವ್ರೆ. ಫೋಟೋನೂ ತೆಗೆದ್ಬುಟ್ಟವ್ರೆ."

"ನೀನು ಅವ್ರ ಹತ್ರ ಮಾತಾಡಿದ್ಯಾ ಅಕ್ಕ?" ಅಂದೆ.

"ಎರಡು ಸಲ, ಫೋನಲ್ಲಿ. ಮನೆಗ್ ಬಂದು ನಿಮ್ಮ ತಮ್ಮನವ್ರನ್ನ ಕೇಳ್ತೀನಿ ಅಂದಿದ್ರು. ಆ ಭಾನುವಾರ ಆದ್ಮೇಲೆ ನಾನೇ ಬರ್ಬೇಡಿ ಅಂದೆ."

ತಪ್ಪಾಯಿತು ಅನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂತು. ಕೂಗಾಡಲು ಎಂದೂ ತಡಮಾಡದ ನನ್ನ ಬಾಯಿಗೆ ಆ ಒಂದು ಮಾತು ಆಡಲಾಗಲಿಲ್ಲ. ಅದರ ಬದಲು, "ಇಬ್ರುದೂ ಬುಕ್‌ಮಾರ್ಕು ಬೇರೆ ಬೇರೆ ಮಾಡ್ಬಿಡ್ತೀನಿ ಕಣಕ್ಕ. ನಿಂದು ನಂಗೆ ಕಾಣಲ್ಲ" ಅಂದೆ.

ಅಕ್ಕ ಸಾರಿನ ಪಾತ್ರೆಯನ್ನು ನನ್ನ ಕಡೆಗೆ ಸರಿಸಿದಳು. ದನಿಯಲ್ಲಿ ಕೋಪವಿರಲಿಲ್ಲ.

"ನಂದು ಅಂತ ಇನ್ನೇನದೆ ಅದ್ರಲ್ಲಿ, ಬೇರೆ ಮಾಡಕ್ಕೆ?" ಅಂದಳು. "ಹಂಗೇ ಇರ್ಲಿ ಬುಡು. ಊಟ ಮಾಡು."