ಹಿಡಿ ಬಿಡದ ಮರಿ

ಎಪ್ಪತ್ತರ ದಶಕದ ಕೊನೆಯಲ್ಲಿ, ತರೀಕೆರೆಯಿಂದ ಲಿಂಗದಹಳ್ಳಿಗೆ ಹೋಗುವ ದಾರಿಯಲ್ಲಿ, ಆರೋಗ್ಯ ಸಂಶೋಧನೆಗೆಂದು ಕೋತಿಗಳನ್ನು ಸಾಕುತ್ತಿದ್ದ ಒಂದು ಶೆಡ್ ಇತ್ತು. ಕಡೂರಿನವಳಾದ ನನಗೆ ಬಿ.ಎಸ್‌ಸಿ. ಮುಗಿಯುತ್ತಲೇ ಅಲ್ಲಿ ಕೆಲಸ ಸಿಕ್ಕಿತು. ಶಿವನಿ ಸ್ಟೇಷನ್ನಿನಲ್ಲಿ ಪ್ರಯಾಣಿಕರ ಬುತ್ತಿ ಕಿತ್ತುಕೊಂಡು ಕಾಟ ಕೊಡುತ್ತಿದ್ದ ಹಿಂಡೊಂದನ್ನು ಹಿಡಿದು ತಂದಿದ್ದರು. ಶೆಡ್ಡಿನಲ್ಲಿ ಹುಟ್ಟಿದ ಅವುಗಳ ಮರಿಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ನಮ್ಮ ಮುಖ್ಯಸ್ಥೆ ಒಬ್ಬ ಡಾಕ್ಟರಮ್ಮ, ಐವತ್ತರ ಹತ್ತಿರದವರು. ಒಂದೇ ಆಹಾರ ತಿಂದು, ಒಂದೇ ಭೇದಿ ಹತ್ತಿಸಿಕೊಂಡ ಎರಡು ಮರಿಗಳಲ್ಲಿ ಒಂದು ಬೇಗ ಎದ್ದು ಕುಣಿಯುತ್ತದೆ, ಇನ್ನೊಂದು ಸೊರಗುತ್ತ ಹೋಗುತ್ತದೆ. ಇದಕ್ಕೂ ಮರಿಯ ಹುಟ್ಟು ಸ್ವಭಾವಕ್ಕೂ ಸಂಬಂಧವಿದೆಯೇ ಎಂಬುದು ಅವರ ಪ್ರಶ್ನೆ. ಅದು ಗೊತ್ತಾದರೆ ಮನುಷ್ಯರ ಮಕ್ಕಳ ಬಗ್ಗೆಯೂ ಏನಾದರೂ ತಿಳಿದೀತು ಎನ್ನುತ್ತಿದ್ದರು. ಅದಕ್ಕಾಗಿ ಮರಿಯನ್ನು ಸ್ವಲ್ಪ ಹೊತ್ತು ತಾಯಿಯಿಂದ ಬಿಡಿಸಿ ಸಣ್ಣ ಬೋನಿನಲ್ಲಿಟ್ಟು, ಅದರೆದುರು ಅಪರಿಚಿತರೊಬ್ಬರನ್ನು ಸುಮ್ಮನೆ ಕೂರಿಸುತ್ತಿದ್ದೆವು. ಕೆಲವು ಮರಿಗಳು ಕಿರುಚಿ ರಂಪ ಮಾಡುತ್ತಿದ್ದವು. ಕೆಲವು ಸರಳುಗಳ ನಡುವಿನಿಂದ ಕೈ ಚಾಚಿ ಬಂದವರ ಅಂಗಿಯ ಗುಂಡಿ ಎಳೆಯುತ್ತಿದ್ದವು. ಒಂದು ಹೆಣ್ಣು ಮರಿ ಮಾತ್ರ ಮೂಲೆಗೆ ಮುಖ ಹಾಕಿ ಕೂತುಬಿಡುತ್ತಿತ್ತು. ಸದ್ದೇ ಇಲ್ಲ. ಎತ್ತಿಕೊಂಡಾಗ ಅದರ ಎದೆ ಹೊಡೆದುಕೊಳ್ಳುವುದು ನನ್ನ ಅಂಗೈಗೆ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಪರೀಕ್ಷೆ ಮುಗಿಸಿ ಆ ಮರಿಯನ್ನು ತಾಯಿಯ ಬೋನಿನತ್ತ ತರುತ್ತಿದ್ದೆ. ಟಣ್ ಎಂದು ಸದ್ದಾಯಿತು. ಬೋನಿನ ಚಿಲಕದ ಸ್ಪ್ರಿಂಗ್ ಮುರಿದಿತ್ತು. ನೋಡನೋಡುತ್ತಿದ್ದಂತೆ ತಾಯಿ ಹೊರಗೆ, ನೆಲದ ಮೇಲೆ, ನನ್ನೆದುರು ನಿಂತಿತ್ತು. ಕೋತಿಗಳಿಗೆ ಊಟ ಹಾಕುತ್ತಿದ್ದವನು ಶೆಡ್ಡಿನ ಜಾಲರಿ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡ. ಅದು ತಪ್ಪಿಸಿಕೊಂಡು ಊರಿಗೆ ನುಗ್ಗದಿರಲೆಂದು ಹಾಗೆ ಮಾಡಬೇಕೆಂಬುದು ನಿಯಮವೇ ಆಗಿತ್ತು. ಒಳಗೆ ನಾನೊಬ್ಬಳೇ ಉಳಿದೆ.

"ಓಡ್ಬೇಡ್ರೀ ಅಮ್ಮಾ! ಅದ್ರ ಕಣ್ಣು ನೋಡ್ಬೇಡಿ!" ಎಂದು ಅವನು ಕೂಗಿದ.

ಅಷ್ಟರಲ್ಲಿ ಡಾಕ್ಟರಮ್ಮ ಜಾಲರಿಯ ಹತ್ತಿರ ಬಂದಿದ್ದರು. "ಕೂತ್ಕೋ. ಮೆಲ್ಲಗೆ. ಮರೀನ ಕೆಳಗೆ ಬಿಡು," ಎಂದರು.

ಕುಕ್ಕರಗಾಲಿನಲ್ಲಿ ಕೂತೆ. ಆದರೆ ಮರಿ ಬಿಡಬೇಕಲ್ಲ! ಒಂದು ಕೈಯಲ್ಲಿ ನನ್ನ ರವಿಕೆ, ಇನ್ನೊಂದರಲ್ಲಿ ಜಡೆ ಹಿಡಿದಿತ್ತು. ಒಂದು ಕೈ ಬಿಡಿಸಿದರೆ ಕಾಲಿನಿಂದ ಸೆರಗು ಹಿಡಿಯಿತು. ತಾಯಿ ಹಲ್ಲು ಬಿಟ್ಟು ಒಂದೊಂದೇ ಹೆಜ್ಜೆ ಮುಂದಿಟ್ಟಿತು. ನಾನು ಬೆರಳುಗಳನ್ನು ಬಲವಾಗಿ ಬಿಡಿಸಹೋದಾಗ, ಅಷ್ಟು ದಿನ ಸೊಲ್ಲೆತ್ತದ ಮರಿ ಕಿವಿ ಸೀಳುವಂತೆ ಕಿರುಚಿತು. ಮರುಕ್ಷಣ ತಾಯಿಯ ಹಲ್ಲು ನನ್ನ ಮುಂಗೈಯೊಳಗಿತ್ತು.

ಮರಿ ಅದರ ಹೊಟ್ಟೆಗೆ ಯಾವಾಗ ಹಾರಿತೋ ಕಾಣೆ. ತಾಯಿ ಜಾಲರಿ ಹತ್ತಿ ಮೇಲಕ್ಕೆ ಹೋದದ್ದು, ಯಾರೋ ನನ್ನನ್ನು ಹೊರಗೆಳೆದದ್ದು ಅರೆಬರೆ ನೆನಪು. ಡಾಕ್ಟರಮ್ಮ ನಲ್ಲಿಯ ಕೆಳಗೆ ನನ್ನ ಕೈ ಹಿಡಿದು ಸೋಪು ಹಚ್ಚಿ ತೊಳೆದರು, ತೊಳೆಯುತ್ತಲೇ ಇದ್ದರು. ಸಾಕು ಎಂದರೂ ಬಿಡಲಿಲ್ಲ. ಅವರ ಮುಖ ನೋಡಿದಾಗಲೇ ನನಗೆ ನಿಜವಾಗಿ ಭಯವಾದದ್ದು.

ಊರಿನವರು ಮಂಗನ ಕಾಯಿಲೆ ಎಂದು ಹೆದರಿದರು. ಆ ಕಾಯಿಲೆ ಮಂಗ ಕಚ್ಚಿದರೆ ಬರುವುದಲ್ಲ, ಕಾಡಿನ ಉಣುಗು ಕಚ್ಚಿದರೆ ಬರುವುದು. ನಾವು ಹೆದರಿದ್ದು ಬೇರೆಯದಕ್ಕೆ. ಕೆಲವು ಕೋತಿಗಳ ಬಾಯಲ್ಲಿ ಒಂದು ವೈರಸ್ ಇರುತ್ತದೆ. ಅದರಿಂದ ಕೋತಿಗೆ ಹೆಚ್ಚೆಂದರೆ ಬಾಯಿಹುಣ್ಣು. ಮನುಷ್ಯರಿಗೆ ಹತ್ತಿದರೆ ಮಿದುಳಿಗೇ ಏರುತ್ತದೆ. ಆಗ ಅದಕ್ಕೆ ಮದ್ದಿರಲಿಲ್ಲ. ಗಾಯದ ಸುತ್ತ ಮರಗಟ್ಟುತ್ತದೆಯೇ, ಜ್ವರ ಬರುತ್ತದೆಯೇ ಎಂದು ಕೆಲವು ವಾರ ಕಾಯಬೇಕಿತ್ತು, ಅಷ್ಟೇ. ತಾಯಿಯನ್ನು ಬಲೆ ಹಾಕಿ ಹಿಡಿದು, ಬಾಯಿ ಪರೀಕ್ಷಿಸಲು ಬೇರೆ ಇಟ್ಟರು. ಮರಿಯನ್ನು ಇನ್ನೊಂದು ಕೋಣೆಯಲ್ಲಿಟ್ಟರು. ನಾನು ತರೀಕೆರೆಯ ನನ್ನ ಬಾಡಿಗೆ ಕೋಣೆಯಲ್ಲಿ ತಟ್ಟೆ ಲೋಟ ಯಾರೂ ಮುಟ್ಟದಂತೆ ಬೇರೆ ಇಟ್ಟುಕೊಂಡು ಕೂತೆ.

ಅಷ್ಟರಲ್ಲಿ ಕಡೂರಿನಿಂದ ಅಮ್ಮ ಬಂದಳು. ಅಜ್ಜಂಪುರದಿಂದ ಒಂದು ಸಂಬಂಧ ಬಂದಿತ್ತು.

"ಗುರುವಾರ ಬತ್ತಾರಂತೆ. ನಡಿ, ಹೊರಡು," ಎಂದಳು.

"ಈಗ ಬ್ಯಾಡಮ್ಮ. ಆಮೇಲೆ ನೋಡಾಣ."

"ಯಾಕೆ? ಯಾರನ್ನಾದ್ರೂ ನೋಡ್ಕಂಡಿದೀಯೇನೇ?"

ನಾನು ಕುಡಿದಿಟ್ಟ ಲೋಟಕ್ಕೆ ಅವಳು ಕೈ ಹಾಕಿದಳು. ನಾನು ಕಿತ್ತುಕೊಂಡೆ. ನೀರು ಅವಳ ಸೀರೆಯ ಮೇಲೆಲ್ಲ ಚೆಲ್ಲಿತು. ಅಮ್ಮ ದಂಗಾಗಿ ನನ್ನ ಮುಖವನ್ನೂ ಗಾಯಕ್ಕೆ ಸುತ್ತಿದ್ದ ಬಟ್ಟೆಯನ್ನೂ ನೋಡಿದಳು. ಇನ್ನು ಮುಚ್ಚಿಡಲಾಗಲಿಲ್ಲ. ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಅಜ್ಜಂಪುರದೋರ್ಗೆ ನಾನೇ ಹೇಳ್ಕಳಿಸ್ತೀನಿ," ಎಂದು ಸೆರಗು ಹಿಂಡಿಕೊಂಡು ಒಲೆ ಹಚ್ಚಿದಳು. ನಾನು ಕಾಯಬೇಕಿದ್ದ ವಾರಗಳು ಮುಗಿಯುವವರೆಗೂ ಊರಿಗೆ ಹೋಗಲಿಲ್ಲ.

ಡಾಕ್ಟರಮ್ಮ ದಿನವೂ ಸಂಜೆ ಬಂದು ಗುಂಡುಸೂಜಿಯಿಂದ ಗಾಯದ ಸುತ್ತ ಚುಚ್ಚಿ, "ಗೊತ್ತಾಗುತ್ತಾ?" ಎಂದು ಕೇಳುತ್ತಿದ್ದರು. ಒಂದು ಮುಂಜಾನೆ ಕೈಗೆ ಸ್ಪರ್ಶವೇ ಇರಲಿಲ್ಲ. ಅಮ್ಮನನ್ನು ಕೂಗಿದೆ. ಅಮ್ಮ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಿದಳು. ಸ್ವಲ್ಪ ಹೊತ್ತಿಗೆ ಇರುವೆ ಹರಿದಂತಾಗಿ ಜೀವ ಬಂತು. ಕೈ ಮೈಯಡಿ ಸಿಕ್ಕಿ ಜೋಮು ಹಿಡಿದಿತ್ತು, ಅಷ್ಟೇ.

ಆ ಸಂಜೆ ಮರಿಯ ವಿಚಾರ ಕೇಳಿದೆ. ಡಾಕ್ಟರಮ್ಮ ಸೂಜಿ ಒರೆಸಿಡುತ್ತ ಉತ್ತರಿಸಿದರು. "ಹಾಲು ಮುಟ್ತಿಲ್ಲ. ಗೋಡೆ ಕಡೆ ತಿರುಗಿ ಕೂತಿದೆ."

"ತಾಯಿ ಹತ್ರ ಬಿಡಿ ಮೇಡಂ."

"ಬಿಟ್ರೆ ಆ ಮರಿ ಲೆಕ್ಕಾನ ನಮ್ಮ ಸಂಶೋಧನೆಯಿಂದ ಪೂರ್ತಿ ತೆಗೀಬೇಕು. ತಾಯಿಗೆ ಕಾಯಿಲೆ ಇದ್ರೆ ಅದಕ್ಕೂ ಹತ್ತುತ್ತೆ."

"ಈಗ್ಲೇ ಸಾಯ್ತಿದೆಯಲ್ಲ."

ನನ್ನ ದನಿ ಏರಿತ್ತು. ಅವರು ಎದ್ದು ಹೋದರು. ಮರುದಿನ ಬಂದವರು ಚಪ್ಪಲಿ ಬಿಡುವ ಮೊದಲೇ, "ಬಿಟ್ಟೆ. ಹಾಲು ಕುಡೀತು," ಎಂದರು. ಆಮೇಲೆ ಕೂತು ಸೂಜಿ ತೆಗೆದರು.

ವಾರಗಳು ಕಳೆದವು. ತಾಯಿಯ ಬಾಯಲ್ಲಿ ಹುಣ್ಣು ಕಾಣಲಿಲ್ಲ, ನನಗೆ ಜ್ವರ ಬರಲಿಲ್ಲ. ಅಜ್ಜಂಪುರದವರು ಬೇರೆ ಕಡೆ ಹೆಣ್ಣು ಗೊತ್ತು ಮಾಡಿಕೊಂಡಿದ್ದರು. ಅಮ್ಮ ಆ ಮಾತು ಮತ್ತೆ ತೆಗೆಯಲಿಲ್ಲ.

ಶೆಡ್ಡಿಗೆ ಹಿಂದಿರುಗಿದ ದಿನ ಒಳಗೆ ಕಾಲಿಡಲಾಗದೆ ಬಾಗಿಲಲ್ಲೇ ನಿಂತೆ. ಬೋನುಗಳಿಗೆಲ್ಲ ಹೊಸ ಚಿಲಕ, ಜೊತೆಗೆ ಸರಪಳಿ ಬಿದ್ದಿದ್ದವು. ಕಚ್ಚಿದ ತಾಯಿ ನನ್ನನ್ನು ಕಂಡೊಡನೆ ಹಲ್ಲು ತೋರಿಸಿತು. ಮರಿ ಅದರ ಕಂಕುಳಿಂದ ಅರ್ಧ ಮುಖ ಹೊರಹಾಕಿ ನೋಡಿ, ಮತ್ತೆ ಒಳಗೆ ಸೇರಿಕೊಂಡಿತು. ಪಕ್ಕದ ಬೋನಿನಲ್ಲಿ ಹೊಸ ಮರಿಯೊಂದು ಹುಟ್ಟಿತ್ತು. ಅದನ್ನು ನೋಡಲು ಒಳಗೆ ಹೋದೆ.