ಹನ್ನೊಂದು ಇಪ್ಪತ್ತಕ್ಕೆ ಬಂದ ದೋಣಿ

ಕಣ್ಣಿಗೆ ಕಂಡದ್ದು ಇರಲಿಲ್ಲ, ಇಲ್ಲದ್ದು ಕಂಡಿತು ಎಂಬಂಥ ಮಾತುಗಳನ್ನು ನಾನು ಯಾವತ್ತೂ ನಂಬಿದವನಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ, "ಆಗ ಗಂಟೆ ಎಷ್ಟಾಗಿತ್ತು? ಹೊಟ್ಟೆಗೆ ಏನು ತಿಂದಿದ್ದಿರಿ?" ಎಂದು ಕೇಳಿ ಅವರ ಉತ್ಸಾಹವನ್ನೇ ಕೆಡಿಸಿಬಿಡುತ್ತಿದ್ದೆ. ಅಂಥ ನನಗೇ ಇದು ಆಯಿತು. ಅದೂ ಕತ್ತಲಲ್ಲಲ್ಲ. ಮಸ್ಕತ್ತಿನ ಜೂನ್ ತಿಂಗಳ ಹಾಡಹಗಲಿನಲ್ಲಿ, ಗಡಿಯಾರ ನೋಡುತ್ತ ನಿಂತಿದ್ದಾಗ. ವರ್ಷಗಳು ಕಳೆದಿವೆ. ಇನ್ನು ಬರೆಯದೆ ಇರುವುದು ಸರಿಯಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ನನ್ನ ಕೆಲಸದ ಬಗ್ಗೆ ಮೊದಲು ಒಂದೆರಡು ಮಾತು ಹೇಳಬೇಕು. ತೈಲಬಾವಿಗಳಿಗೆ ಸಾಮಾನು ಒದಗಿಸುವ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದೆ. ನಮ್ಮ ಸ್ಟೋರಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಬರೆದದ್ದು ತಪ್ಪಾದರೆ ಅಳಿಸುವಂತಿಲ್ಲ, ಮೇಲೆ ತಿದ್ದುವಂತಿಲ್ಲ. ಕೆಳಗಿನ ಅಕ್ಷರ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು, ಸಹಿ ಹಾಕಬೇಕು. ಆ ಅಭ್ಯಾಸ ನನಗೆ ಎಷ್ಟು ಅಂಟಿತ್ತೆಂದರೆ ಮನೆಯ ಹಾಲಿನ ಚೀಟಿಯಲ್ಲೂ ಹಾಗೇ ಮಾಡುತ್ತಿದ್ದೆ.

ತೈಲದ ಬೆಲೆ ಬಿದ್ದ ವರ್ಷಗಳಲ್ಲಿ ಕಂಪನಿ ನಮಗೆಲ್ಲ ಒಂದೊಂದು ಕಾಗದ ಕೊಟ್ಟು ಮನೆಗೆ ಕಳಿಸಿತು. ಅದೇ ಕಂಪನಿಯಲ್ಲಿ ವಾಹನಗಳ ಉಸ್ತುವಾರಿ ನೋಡುತ್ತಿದ್ದ ಒಮಾನಿ, ಖಮೀಸ್, ಬಂದ ಗಂಟಿನಲ್ಲಿ ಒಂದು ಮೀನುಗಾರಿಕೆ ದೋಣಿ ಕೊಂಡ. ಬಾಡಿಗೆಗೆ ಅತಿಥಿಗಳನ್ನು ಕರೆದುಕೊಂಡು ಹೋಗಿ ಟ್ಯೂನಾ ಹಿಡಿಸುವುದು ಅವನ ಹೊಸ ಉದ್ಯೋಗ. ದೋಣಿ ನಡೆಸುವವನೂ ಅವನೇ. "ನಿನ್ನ ಅಕ್ಷರ ನನಗೆ ಬೇಕು, ಊರಿಗೆ ಹೋಗಬೇಡ" ಎಂದು ಹಿಂದಿಯಲ್ಲಿ ಹೇಳಿ ನನ್ನ ವೀಸಾ ತನ್ನ ಹೆಸರಿಗೆ ಮಾಡಿಸಿಕೊಂಡ. ಹೀಗೆ ಸಹೋದ್ಯೋಗಿಯಾಗಿದ್ದವನು ನನ್ನ ಕಫೀಲ್, ಅಂದರೆ ವೀಸಾ ಕೊಡುವ ಯಜಮಾನ ಆದ. ನಾನು ದೋಣಿ ಕಟ್ಟುವ ಕಟ್ಟೆಯಾದ ಧಕ್ಕೆಯ ಮೇಲೆ ನಿಂತು ದೋಣಿಯ ರಿಜಿಸ್ಟರ್ ಬರೆಯುವವನಾದೆ.

ದೋಣಿಯಲ್ಲಿ ಗಾಳ, ದಾರ, ಎರೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಉಳ್ಳಾಲದ ಹಮೀದ್. ನನ್ನ ವಯಸ್ಸಿನವನೇ. ಮೈಸೂರಿನ ಸಸ್ಯಾಹಾರಿಯಾದ ನಾನು ಮೀನಿನ ತಕ್ಕಡಿಯ ಮುಂದೆ ಕೂತದ್ದು ಅವನಿಗೆ ದಿನವೂ ಹೊಸ ತಮಾಷೆ. "ಮೀನು ಮುಟ್ಟುದಿಲ್ಲ, ತಿನ್ನುದಿಲ್ಲ, ಆದ್ರೆ ತೂಕದಲ್ಲಿ ಹತ್ತು ಗ್ರಾಂ ಬಿಡುದಿಲ್ಲ. ನಿಮ್ಮ ಹಾಗಿನವ್ರನ್ನ ನಾನು ಕಂಡದ್ದಿಲ್ಲ ಮಾರಾಯ್ರೆ" ಅನ್ನುತ್ತಿದ್ದ. ದೊಡ್ಡ ಟ್ಯೂನಾ ಸಿಕ್ಕ ದಿನ ಅದರ ಮುಖವನ್ನು ನನ್ನ ಕಡೆ ತಿರುಗಿಸಿ, "ರಾಯರಿಗೆ ನಮಸ್ಕಾರ ಹೇಳು" ಎಂದು ಅದಕ್ಕೆ ಬುದ್ಧಿ ಹೇಳುತ್ತಿದ್ದ.

ನನ್ನ ಕೆಲಸ ಸರಳ. ದೋಣಿ ಬೆಳಿಗ್ಗೆ ಐದಕ್ಕೆ ಹೊರಡುವಾಗ ಎಷ್ಟು ಜನ, ಯಾವ ದಿಕ್ಕಿಗೆ ಎಂದು ಬರೆಯಬೇಕು. ಮರಳಿದಾಗ ಹಗ್ಗ ಕಟ್ಟಿದ ಮೇಲೆ ತಲೆ ಎಣಿಸಿ, ಸಮಯ ಬರೆದು, ಧಕ್ಕೆಯ ಕಚೇರಿಗೆ ಚೀಟಿ ಕೊಡಬೇಕು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ, ಹನ್ನೊಂದೂವರೆಯ ಹೊತ್ತಿಗೆ ವಾಪಸು. ಹನ್ನೆರಡಾದರೂ ಬರದಿದ್ದರೆ ಕಚೇರಿಯವರು ಕೋಸ್ಟ್ ಗಾರ್ಡಿಗೆ ತಿಳಿಸುತ್ತಾರೆ. ಹಮೀದ್ ಹಗ್ಗ ಎಸೆಯುವಾಗ ನನ್ನ ಎಣಿಕೆಯನ್ನು ಅಣಕಿಸಿ ಕೂಗುವುದು ಒಂದು ಪದ್ಧತಿಯೇ ಆಗಿತ್ತು: "ಬರ್ಕೊಳ್ಳಿ ರಾಯರೇ, ಆರು ತಲೆ!"

ಆ ದಿನವೂ ಆರು ಜನ. ಖಮೀಸ್, ಹಮೀದ್, ನಾಲ್ವರು ಅತಿಥಿಗಳು. ಅತಿಥಿಗಳು ಒಂದೇ ಆಫೀಸಿನವರು. ಅವರಲ್ಲೊಬ್ಬನ ಕೆಲಸ ಹೋಗಿ ಮರುವಾರ ಊರಿಗೆ ಹೊರಟಿದ್ದ, ಅವನಿಗೆ ಉಳಿದವರು ಕೊಡುತ್ತಿದ್ದ ಬೀಳ್ಕೊಡುಗೆ ಅದು. ಆ ವರ್ಷ ನಮಗೆ ಬರುತ್ತಿದ್ದ ಗಿರಾಕಿಗಳಲ್ಲಿ ಹೆಚ್ಚಿನವರು ಇಂಥವರೇ. ದಿಕ್ಕಿನ ಕಾಲಮ್ಮಿನಲ್ಲಿ ಖಮೀಸ್ ಹೇಳಿದಂತೆ 'ಉತ್ತರ' ಎಂದು ಬರೆದೆ.

ಹನ್ನೊಂದು ಇಪ್ಪತ್ತಕ್ಕೆ ನಾನು ಧಕ್ಕೆಯ ತುದಿಯಲ್ಲಿ ನಿಂತಿದ್ದೆ. ಸಮುದ್ರದ ಮೇಲೆ ಬಿಳಿ ಧಗೆ ಕವಿದಿತ್ತು. ಹಿಂದೆ ಐಸ್ ಯಂತ್ರ ಗರಗರ ಅನ್ನುತ್ತಿತ್ತು. ಬಂದರಿನ ತಡೆಗೋಡೆಯ ಬಾಯಿಯಲ್ಲಿ ನಮ್ಮ ದೋಣಿ ಕಾಣಿಸಿತು. ನೀಲಿ ಪಟ್ಟಿ, ಮೇಲಿನ ಹರಿದ ಚಪ್ಪರ, ಎಲ್ಲ ನಮ್ಮದೇ. ದಿನವೂ ಎಡಗಡೆಯಿಂದ ತಿರುಗಿ ಬರುವ ದೋಣಿ ಅಂದು ಬಲಗಡೆಯಿಂದ, ದಕ್ಷಿಣಕ್ಕೆ ಖುರಿಯಾತ್ ಊರಿರುವ ಕಡೆಯಿಂದ ಬಂತು. ಮೀನು ಹುಡುಕುತ್ತ ಆ ಕಡೆ ಹೋಗಿರಬೇಕು ಅಂದುಕೊಂಡೆ. ಅರವತ್ತು ಹೆಜ್ಜೆ ದೂರದಲ್ಲಿದ್ದಾಗ ತಲೆ ಎಣಿಸಿದೆ. ಆರು. ಹಮೀದ್ ದೋಣಿಯ ಮೂತಿಯ ಹತ್ತಿರ ಹಗ್ಗ ಹಿಡಿದು ನಿಂತಿದ್ದ. ಸದಾ ಇರುವ ಕಪ್ಪು ಟೊಪ್ಪಿಯ ಬದಲು ತಲೆಗೆ ಹಳದಿ ಟವೆಲ್ ಸುತ್ತಿಕೊಂಡಿದ್ದ. ಕೂಗಲಿಲ್ಲ. ಬಿಸಿಲಿಗೆ ಸುಸ್ತಾಗಿದ್ದಾನೆ ಅಂದುಕೊಂಡೆ.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಹಗ್ಗ ಕಟ್ಟುವ ಮೊದಲು ನಾನು ಯಾವತ್ತೂ ಬರೆದವನಲ್ಲ. ಅಂದು ಕಾಲ ಕೆಳಗಿನ ಸಿಮೆಂಟು ಚಪ್ಪಲಿಯನ್ನೂ ದಾಟಿ ಸುಡುತ್ತಿತ್ತು. ಇನ್ನೇನು ಬಂದೇಬಿಟ್ಟರಲ್ಲ ಎಂದು ಅಲ್ಲೇ ತಲೆ ತಗ್ಗಿಸಿ 'ಆರು ಜನ, ಹನ್ನೊಂದು ಇಪ್ಪತ್ತು' ಎಂದು ಬರೆದು, ಚೀಟಿ ಹರಿದು ಕಚೇರಿಗೆ ಕೊಟ್ಟು, ಫ್ರಿಜ್ಜಿನಿಂದ ಅವರಿಗೆಂದು ಇಟ್ಟಿದ್ದ ಮಜ್ಜಿಗೆ ತರಲು ಹೋದೆ.

ಮರಳಿ ಬಂದಾಗ ದೋಣಿ ಕಟ್ಟುವ ಜಾಗ ಖಾಲಿ. ನನಗೆ ಗಾಬರಿಯೇನೂ ಆಗಲಿಲ್ಲ. ಆಚೆ ದಡದ ಪಂಪಿಗೆ ಪೆಟ್ರೋಲ್ ತುಂಬಿಸಲು ನೇರವಾಗಿ ಹೋಗಿದ್ದಾರೆ, ಅತಿಥಿಗಳು ಅಲ್ಲೇ ಇಳಿದು ಊಟಕ್ಕೆ ಕೂತಿದ್ದಾರೆ ಎಂದುಕೊಂಡೆ. ಹಾಗೆ ಎಷ್ಟೋ ಸಲ ಆಗಿತ್ತು. ನಾನು ನಮ್ಮ ಕೋಣೆಗೆ ಹೋಗಿ ಮೊಸರನ್ನದ ಡಬ್ಬಿ ಬಿಚ್ಚಿ ಊಟ ಮಾಡಿದೆ. ವಾರದ ಪಟ್ಟಿ ಬರೆದೆ. ಹೊರಗೆ ಬಂದಾಗ ಒಂದೂ ಕಾಲು. ಅತಿಥಿಗಳ ಎರಡು ಕಾರುಗಳು ಬೆಳಿಗ್ಗೆ ನಿಂತಲ್ಲೇ ನಿಂತು ಕಾದಿದ್ದವು.

ಪಂಪಿಗೆ ಓಡಿದೆ. ಅಲ್ಲಿನವರು ನಮ್ಮ ದೋಣಿಯನ್ನು ಬೆಳಗಿನಿಂದ ನೋಡಿಯೇ ಇಲ್ಲ ಅಂದರು. ಖಮೀಸನ ಫೋನ್ ಸಿಗಲಿಲ್ಲ, ಹಮೀದನದೂ ಸಿಗಲಿಲ್ಲ. ಹನ್ನೆರಡಕ್ಕೆ ಏಳಬೇಕಿದ್ದ ಕೂಗು ನನ್ನ ಚೀಟಿಯಿಂದಾಗಿ ಏಳಲೇ ಇಲ್ಲವಲ್ಲ!

ಕಚೇರಿಯಲ್ಲಿದ್ದವನು ಕರಾಚಿಯ ಕಡೆಯ ಗುಮಾಸ್ತ. ಚೀಟಿಯನ್ನು ನನ್ನ ಮುಂದೆಯೇ ಹಿಡಿದ.

"ಭಾಯಿ ಸಾಬ್, ಈ ದಸ್ತಖತ್ ನಿಮ್ಮದೇ ತಾನೆ?"

"ಹೌದು, ನನ್ನದೇ."

"ಆರು ಜನ ವಾಪಸ್ ಅಂತ ನೀವೇ ಬರೆದಿದ್ದೀರಿ. ತೊ ಬಾತ್ ಖಲಾಸ್."

"ನಾನು ಬರೆದದ್ದು ತಪ್ಪು. ಅವರು ಬಂದಿಲ್ಲ."

ಅವನು ನನ್ನನ್ನು ಬಿಸಿಲು ಹೊಡೆದವನನ್ನು ನೋಡುವ ಹಾಗೆ ನೋಡಿ ನೀರಿನ ಲೋಟ ಮುಂದಿಟ್ಟ. ನಾನು ಲೋಟ ಸರಿಸಿ, ರಿಜಿಸ್ಟರ್ ತೆಗೆದು, ಅವನ ಮೇಜಿನ ಮೇಲೆಯೇ ಆ ಸಾಲಿಗೆ ಗೆರೆ ಎಳೆದು ಸಹಿ ಹಾಕಿದೆ. ಆ ದೋಣಿಯ ರಿಜಿಸ್ಟರಿನಲ್ಲಿ ನಾನು ಎಳೆದ ಮೊದಲ ಗೆರೆ ಅದು. "ಈಗ ಫೋನ್ ಮಾಡಿ. ನೀವು ಮಾಡುವ ತನಕ ನಾನು ಇಲ್ಲಿಂದ ಏಳುವುದಿಲ್ಲ" ಅಂದೆ. ನನ್ನ ಮುಖ ನೋಡಿ ಅವನು ಫೋನ್ ಎತ್ತಿದ.

ಕೋಸ್ಟ್ ಗಾರ್ಡಿನ ಅಧಿಕಾರಿ ಬಂದರು. ರಿಜಿಸ್ಟರ್ ನೋಡಿ, "ಉತ್ತರಕ್ಕೆ ಹೋಗಿದ್ದಾರೆ, ಅಲ್ಲೇ ಹುಡುಕುತ್ತೇವೆ" ಎಂದರು. ಸಾಲು ಹೊಡೆದುಹಾಕಿದವನ ಮಾತಿಗೆ ಏನು ಬೆಲೆ? ಆದರೂ ಬಿಡಲಿಲ್ಲ. "ಸಾರ್, ದಕ್ಷಿಣಕ್ಕೂ ಕಳಿಸಿ. ಖುರಿಯಾತ್ ಕಡೆಯಿಂದ ಬರುವುದನ್ನು ನಾನು ಕಂಡಿದ್ದೇನೆ" ಎಂದೆ. "ಕಂಡಿದ್ದರೆ ದೋಣಿ ಎಲ್ಲಿ?" ಎಂದು ಕೇಳಿದರು. ನಾನು ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ, ಮತ್ತೊಮ್ಮೆ ಹೇಳಿದೆ. ಅವರು ವಾಹನದ ಕಡೆ ನಡೆದರೆ ಬಾಗಿಲಿನ ತನಕ ಹಿಂದೆಯೇ ಹೋಗಿ ಹೇಳಿದೆ. ಸುಳ್ಳಾದರೆ ನನ್ನನ್ನು ಊರಿಗೆ ಕಳಿಸಿಬಿಡಿ ಅಂದೆ. ಕೊನೆಗೆ, ಈ ಮನುಷ್ಯನಿಂದ ಬಿಡಿಸಿಕೊಂಡರೆ ಸಾಕು ಎಂಬಂತೆ, ಎರಡು ಬೋಟುಗಳಲ್ಲಿ ಒಂದನ್ನು ದಕ್ಷಿಣಕ್ಕೆ ಕಳಿಸಿದರು.

ಆಮೇಲಿನ ಮೂರು ಗಂಟೆ ನಾನು ಧಕ್ಕೆಯ ತುದಿ ಬಿಟ್ಟು ಕದಲಲಿಲ್ಲ. ಸಂಜೆ ಐದರ ಹೊತ್ತಿಗೆ ಬಲಗಡೆಯಿಂದ ಕೋಸ್ಟ್ ಗಾರ್ಡಿನ ಬೋಟು, ಅದರ ಹಿಂದೆ ಕಟ್ಟಿದ ನಮ್ಮ ದೋಣಿ. ನನಗೆ ಎಣಿಸುವ ಧೈರ್ಯ ಬರಲಿಲ್ಲ. ಮೂತಿಯಲ್ಲಿ ನಿಂತಿದ್ದವನು ಒಡೆದ ದನಿಯಲ್ಲಿ ಕೂಗಿದ:

"ಬರ್ಕೊಳ್ಳಿ ರಾಯರೇ... ಆರು ತಲೆ!"

ಹಮೀದನ ತಲೆಗೆ ಹಳದಿ ಟವೆಲ್ ಸುತ್ತಿತ್ತು.

ಹಕ್ಕಿಗಳ ಹಿಂಡು ಕಂಡು ಖಮೀಸ್ ದಿಕ್ಕು ಬದಲಿಸಿದ್ದನಂತೆ. ಖುರಿಯಾತಿನ ಆಚೆ, ಹತ್ತು ಗಂಟೆಗೆ, ಪೆಟ್ರೋಲಿಗೆ ನೀರು ಸೇರಿ ಎಂಜಿನ್ ನಿಂತಿತ್ತು. ರೇಡಿಯೋ ಕೈಕೊಟ್ಟಿತ್ತು. ಅಲ್ಲಿ ಫೋನ್ ಸಿಗುವುದಿಲ್ಲ. ಗಾಳಿ ಅವರನ್ನು ದಡದಿಂದ ದೂರ ಒಯ್ಯುತ್ತಿತ್ತು. ಕುಡಿಯುವ ನೀರು ಮುಗಿದು, ಊರಿಗೆ ಹೊರಟಿದ್ದ ಆ ಅತಿಥಿಗೆ ಎಚ್ಚರ ತಪ್ಪುವ ಸ್ಥಿತಿ. ಇನ್ನೆರಡು ಗಂಟೆ ಕಳೆದಿದ್ದರೆ ಕತ್ತಲಾಗಿರುತ್ತಿತ್ತು.

ಅವರಿಗೆ ಮಜ್ಜಿಗೆ ಕೊಡುತ್ತ ಹಮೀದನನ್ನು ಮೆಲ್ಲಗೆ ಕೇಳಿದೆ, "ಟೊಪ್ಪಿ ಎಲ್ಲಿ?"

"ಹಾರಿಹೋಯ್ತು ಮಾರಾಯ್ರೆ, ಹನ್ನೊಂದು ಗಂಟೆ ಹೊತ್ತಿಗೆ. ಇದು ಅವರ ಟವೆಲ್" ಎಂದು ಅತಿಥಿಯ ಕಡೆ ಕೈ ತೋರಿಸಿದ. ಆಮೇಲೆ ನಗಲು ನೋಡಿದ. "ಇವರೆಲ್ಲ ಅಳ್ಳಿಕ್ಕೆ ಸುರು ಮಾಡಿದ್ರು. ನಾನು ಹೇಳಿದೆ, ಹೆದರ್ಬೇಡಿ, ಧಕ್ಕೆಯಲ್ಲಿ ನಮ್ಮ ರಾಯರಿದ್ದಾರೆ. ಆರು ತಲೆ ಲೆಕ್ಕ ಸಿಗದೆ ಅವರು ಊಟ ಮಾಡುದಿಲ್ಲ ಅಂತ."

ನಾನು ಮುಖ ತಿರುಗಿಸಿ ಲೋಟಗಳನ್ನು ಎತ್ತಿಕೊಂಡೆ. ಮೊಸರನ್ನದ ಖಾಲಿ ಡಬ್ಬಿ ಕೋಣೆಯ ಮೇಜಿನ ಮೇಲೆಯೇ ಇತ್ತು.

ಖಮೀಸನಿಗೆ ಅಂದೇ ಎಲ್ಲ ಹೇಳಿದೆ. ಅವನು ರಿಜಿಸ್ಟರ್ ನೋಡಿ, ಮುಚ್ಚಿ, ನನ್ನ ಕೈಗೇ ಕೊಟ್ಟ. ನಾಳೆ ಬೆಳಿಗ್ಗೆ ಎಷ್ಟು ಐಸ್ ಬೇಕು ಎಂದಷ್ಟೇ ಹೇಳಿದ. ಹಮೀದನಿಗೆ ಹೇಳಲು ನನಗೆ ಒಂದು ವರ್ಷ ಹಿಡಿಯಿತು. ಅವನು ತಮಾಷೆ ಮಾಡಲಿಲ್ಲ. "ಹಗ್ಗ ನನ್ನ ಕೈಯಲ್ಲಿತ್ತಾ?" ಎಂದು ಕೇಳಿದ. ಇತ್ತು ಅಂದೆ. "ಅಲ್ಲಿ ಕಡಲಲ್ಲಿಯೂ ಇತ್ತು. ಸುಮ್ನೆ ಹಿಡ್ಕೊಂಡು ಕೂತಿದ್ದೆ" ಅಂದ. ಮತ್ತೆ ಆ ಮಾತು ನಮ್ಮ ನಡುವೆ ಬರಲಿಲ್ಲ.

ಧಗೆಯಲ್ಲಿ ಬೇರೆ ದೋಣಿಯನ್ನು ನೋಡಿರಬಹುದು ಎಂದು ಓದುವವರು ಹೇಳಬಹುದು. ನಾನೂ ಅದನ್ನೇ ಹೇಳಿಕೊಂಡಿದ್ದೇನೆ. ಆದರೆ ಆ ಹಳದಿ ಟವೆಲ್ಲಿನ ಹತ್ತಿರ ಬಂದಾಗ ಆ ಮಾತು ನಿಂತುಬಿಡುತ್ತದೆ. ನಾನು ಕಂಡದ್ದು ಅವರನ್ನು ಉಳಿಸಲು ಬಂದದ್ದೇ ಆದರೆ, ನನ್ನಿಂದ ಸುಳ್ಳು ಚೀಟಿ ಬರೆಸಿ, ಸುಮಾರು ಎರಡು ಗಂಟೆ ಹಾಳು ಮಾಡಿ, ನೆಮ್ಮದಿಯಾಗಿ ಊಟ ಮಾಡಿಸಿದ್ದು ಯಾಕೆ? ಕೆಡಿಸಲು ಬಂದದ್ದಾದರೆ, ದಿಕ್ಕು ತೋರಿಸಿದ್ದು ಯಾಕೆ?

ಆ ರಿಜಿಸ್ಟರ್ ತುಂಬಿದಾಗ ಖಮೀಸನನ್ನು ಕೇಳಿ ನಾನೇ ಇಟ್ಟುಕೊಂಡೆ. ಆ ಪುಟದಲ್ಲಿ ಒಂದರ ಕೆಳಗೊಂದು ಎರಡು ಸಾಲುಗಳಿವೆ. ಎರಡರಲ್ಲೂ ಆರು ಜನ. ಮೇಲಿನದರ ಮೇಲೆ ನೇರವಾದ ಒಂದು ಗೆರೆ, ತುದಿಯಲ್ಲಿ ನನ್ನ ಸಹಿ. ಎಷ್ಟೋ ಸಲ ಪೆನ್ನು ಹಿಡಿದು ಅದರ ಮುಂದೆ ಕೂತಿದ್ದೇನೆ. ಕಾರಣ ಬರೆಯಬೇಕಾದ ಜಾಗ ಇವತ್ತಿಗೂ ಖಾಲಿಯೇ ಇದೆ.