ಹಿಂದಿನ ಗಾಡಿಯವನಿಗೆ ಕೊಟ್ಟ ಚಾವಿ

ನನ್ನ ಮೊಬೈಲಿನಲ್ಲಿ ನಮ್ಮ ಕಂಪನಿಯ ಲಾರಿಗಳೆಲ್ಲ ಚುಕ್ಕೆಗಳಾಗಿ ಕಾಣುತ್ತವೆ. ಓಡುತ್ತಿದ್ದರೆ ಹಸಿರು, ನಿಂತರೆ ಕೆಂಪು. ಮುಂಬೈಯ ಸಯನ್ನಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ತಟ್ಟೆಯ ಪಕ್ಕದಲ್ಲಿ ಆ ಚುಕ್ಕೆಗಳು ಇರಲೇಬೇಕು. "ಅವಕ್ಕೂ ಒಂದೊಂದು ತುತ್ತು ತಿನ್ನಸ್ರಿ, ಬಡಕಾಗ್ಯಾವ," ಎಂದು ಹೆಂಡತಿ ಹಂಗಿಸುತ್ತಾಳೆ. ಬೇರೆ ಟ್ರಾನ್ಸ್‌ಪೋರ್ಟ್ ಆಫೀಸಿನ ಸೂಪರ್‌ವೈಸರುಗಳಿಗೆ ಹಸಿರು ಚುಕ್ಕೆಯ ಭಯ: ಘಾಟಿಯ ತಿರುವು, ಬ್ರೇಕು, ಡ್ರೈವರಿನ ನಿದ್ದೆ. ನನಗೆ ಕೆಂಪಿನದೇ ಭಯ. ಓಡುವ ಲಾರಿ ಹೆಚ್ಚೆಂದರೆ ಇನ್ನೊಂದಕ್ಕೆ ಗುದ್ದೀತು. ನಿಂತ ಲಾರಿಯಿಂದ ಮನುಷ್ಯರು ಕೆಳಗಿಳಿಯುತ್ತಾರೆ.

ಈ ಕೆಲಸದಲ್ಲಿ ನಾನು ಕಂಡ ರಕ್ತವೆಲ್ಲ ನಿಂತ ಲಾರಿಗಳ ನಡುವೆ ಸುರಿದದ್ದು. ವಡಾಲಾದ ಆಚೆ, ಬಂದರಿನ ಬೆನ್ನಿಗಿರುವ ಗೋದಾಮುಗಳಲ್ಲಿ ಮಾಲು ಇಳಿಸುವ ಡಾಕುಗಳಿವೆ. ಅವುಗಳ ಗೇಟಿನ ಮುಂದೆ ಲಾರಿಗಳು ಒಂದು ದಿನ, ಎರಡು ದಿನ ಸಾಲುಗಟ್ಟಿ ನಿಲ್ಲುತ್ತವೆ. ಅಲ್ಲಿ ಒಬ್ಬ ಇನ್ನೊಬ್ಬನ ಕಿವಿ ಕಚ್ಚಿ ಹರಿದದ್ದನ್ನು ನೋಡಿದ್ದೇನೆ. ಸ್ಟೌವಿನ ಮೇಲೆ ಕುದಿಯುತ್ತಿದ್ದ ಬೇಳೆಯನ್ನು ಪಾತ್ರೆಸಮೇತ ಎದುರಿನವನ ಮುಖಕ್ಕೆ ಎಸೆದದ್ದನ್ನೂ ನೋಡಿದ್ದೇನೆ. ಎಸೆದವನನ್ನು ಯಾಕೆ ಎಂದು ಕೇಳಿದರೆ, "ನನ್ನ ನೋಡಿ ನಕ್ಕ" ಎಂದ. ಎರಡು ದಿನ ಕಾದ ತಗಡಿನೊಳಗೆ ಬೆಂದವನಿಗೆ ಪಕ್ಕದವನ ನಗುವೂ ಬೈಗುಳವಾಗಿಯೇ ಕೇಳಿಸುತ್ತದೆ.

ಆ ಸಾಲಿನಲ್ಲಿ ಒಂದು ಪದ್ಧತಿಯಿದೆ. ಡಾಕಿನ ಒಳಗೆ ಡ್ರೈವರುಗಳಿಗೆಂದು ಸಂಡಾಸು ಇಲ್ಲ. ಇರುವುದು ಸ್ಟಾಫಿನವರದು, ಅದಕ್ಕೆ ಬೀಗ. ಹೊಟ್ಟೆ ಕೆಟ್ಟವನು ರಸ್ತೆ ದಾಟಿ, ರೈಲು ಹಳಿಯ ಪಕ್ಕದ ಸುಲಭ ಶೌಚಾಲಯಕ್ಕೆ ನಡೆಯಬೇಕು. ಅಲ್ಲಿಯೂ ಸಾಲು. ಅಷ್ಟರಲ್ಲಿ ಇಲ್ಲಿ ಲಾರಿಗಳು ಮುಂದೆ ಸರಿದರೆ, ಡ್ರೈವರಿಲ್ಲದ ಗಾಡಿಯನ್ನು ಎಲ್ಲರೂ ದಾಟಿಕೊಂಡು ಹೋಗಿಬಿಡುತ್ತಾರೆ. ಅವನ ಸರದಿ ಅಲ್ಲಿಗೆ ಮುಗಿಯಿತು. ಅದಕ್ಕೇ ಹೋಗುವವನು ತನ್ನ ಚಾವಿಯನ್ನು ಹಿಂದಿನ ಗಾಡಿಯವನಿಗೆ ಕೊಟ್ಟು ಹೋಗುತ್ತಾನೆ. ಸಾಲು ಸರಿದರೆ ಆತ ಮೊದಲು ಮುಂದಿನವನ ಗಾಡಿ ಸರಿಸಬೇಕು, ಆಮೇಲೆ ಓಡಿ ಬಂದು ತನ್ನದು. ಒಂದು ಬೀಡಿ ಕೊಡಲು ಹತ್ತು ಸಲ ಯೋಚಿಸುವ ಜನ, ಹೆಸರೂ ಗೊತ್ತಿಲ್ಲದವನ ಕೈಗೆ ಮಾಲು ತುಂಬಿದ ಲಾರಿಯ ಚಾವಿ ಹಾಕಿ ಹೋಗುತ್ತಾರೆ.

ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ಡ್ರೈವರಿನ ಫೋನು ಬಂತು. ವಿಜಯಪುರದ ಕಡೆಯ ಹುಡುಗ. ಮದುವೆಯಾಗಿ ಎರಡು ಮಕ್ಕಳಾದರೂ ನನಗೆ ಹುಡುಗನೇ. ಒಣದ್ರಾಕ್ಷಿ ತುಂಬಿಕೊಂಡು ಬಂದವನು ಹಿಂದಿನ ದಿನದಿಂದ ಅಲ್ಲೇ ಕೆಂಪು ಚುಕ್ಕೆಯಾಗಿ ಕೂತಿದ್ದ.

"ಸಾಹೇಬ್ರ, ನೀರಿಲ್ಲ, ನೆರಳಿಲ್ಲ, ನನ್ನ ಹೊಟ್ಟಿ ನೆಟ್ಟಗಿಲ್ಲ. ನೀವು ಬಂದು ಒಳಗ ಮಾತಾಡ್ರಿ. ಇಲ್ಲಾಂದ್ರ ನಾ ಯಾರನ್ನರೆ ಹೊಡೀತೀನಿ, ಇಲ್ಲಾ ನನ್ನ ಯಾರರೆ ಹೊಡೀತಾರ."

"ಏ ತಮ್ಮಾ, ಹೊಡೆದಾಟ ಬ್ಯಾಡ. ಸಿಟ್ಟು ಬಂದ್ರ ನೀರು ಕುಡಿ."

"ನೀರಿಲ್ಲಂತ ಹೇಳಿದ್ನೆಲ್ರಿ!"

ಇಂಥ ಉಪದೇಶಗಳಲ್ಲಿ ನಾನು ಪಳಗಿದವನು. ಆಸಿಡಿಟಿ ಗುಳಿಗೆ, ನೀರಿನ ಬಾಟಲಿ, ಬಟನ್ ಒತ್ತಿದರೆ ಬಿಚ್ಚಿಕೊಳ್ಳುವ ಛತ್ರಿ, ಇವಿಷ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಮೇ ತಿಂಗಳಲ್ಲಿ ಛತ್ರಿ ಯಾಕೆ ಎಂದು ಹೆಂಡತಿ ಕೇಳಲಿಲ್ಲ. ಕೇಳಿ ಕೇಳಿ ಬಿಟ್ಟಿದ್ದಾಳೆ.

ನಾನು ತಲುಪುವ ಹೊತ್ತಿಗೆ ಆಗಬಾರದ್ದು ಆಗುತ್ತಿತ್ತು. ನಡೆದದ್ದಿಷ್ಟು. ನಮ್ಮವನು ಶೌಚಾಲಯಕ್ಕೆ ಹೋಗುವಾಗ ಚಾವಿಯನ್ನು ಹಿಂದಿನ ಗಾಡಿಯ ಸೋಲಾಪುರದವನಿಗೆ ಕೊಟ್ಟಿದ್ದ. ಹಳದಿ ಬನಿಯನ್ ತೊಟ್ಟ ಆ ಭಾರೀ ಆಳಿಗೆ ನಮ್ಮ ಕಡೆಯ ಕನ್ನಡವೂ ಬರುತ್ತಿತ್ತು. ಹಿಂದಿನ ದಿನ ಇಬ್ಬರೂ ಒಂದೇ ಸ್ಟೌವಿನಲ್ಲಿ ಅಡಿಗೆ ಮಾಡಿ ಉಂಡಿದ್ದರು. ಸಾಲು ಸರಿದಾಗ ಆ ಹಳದಿ ಬನಿಯನ್ನಿನವನು ನಿದ್ದೆಗಣ್ಣಿನಲ್ಲಿ ಎದ್ದು ತನ್ನ ಗಾಡಿಯನ್ನಷ್ಟೇ ಮುಂದೆ ಒಯ್ದ. ಹಿಂದಿದ್ದವರೆಲ್ಲ ಅವನ ಬಾಲ ಹಿಡಿದು ದಾಟಿದರು. ನಮ್ಮವನು ಬಂದು ನೋಡಿದರೆ ಅವನ ಲಾರಿ ರಸ್ತೆಯ ಪಕ್ಕದಲ್ಲಿ ಒಂಟಿಯಾಗಿ ನಿಂತಿದೆ. ಓಡಿ ಹೋಗಿ, ಆ ಮನುಷ್ಯನ ಮುಖಕ್ಕೆ ಗುದ್ದಿ, ಜೇಬಿನಿಂದ ಚಾವಿ ಕಿತ್ತುಕೊಂಡು, ಸಾಲನ್ನೆಲ್ಲ ದಾಟಿ ಲಾರಿಯನ್ನು ಗೇಟಿನ ಬಾಯಿಗೇ ನುಗ್ಗಿಸಿದ. ಅದೇ ಕ್ಷಣಕ್ಕೆ ಒಳಗೆ ಊಟದ ಸೀಟಿ ಕೂಗಿತು. ವಾಚ್‌ಮನ್ ಅಡ್ಡಕೋಲು ಇಳಿಸಿದ. ಲಾರಿ ಒಳಗೂ ಹೋಗದೆ, ಹೊರಗೂ ಬಾರದೆ ಗಂಟಲಲ್ಲಿ ಸಿಕ್ಕ ಎಲುಬಿನಂತೆ ನಿಂತಿತು.

ನಾನು ಟ್ಯಾಕ್ಸಿ ಇಳಿದಾಗ ಹತ್ತಾರು ಜನ ಕ್ಯಾಬಿನ್ನನ್ನು ಮುತ್ತಿದ್ದರು. ಒಬ್ಬ ಕಲ್ಲಿನಿಂದ ಮುಂದಿನ ಗಾಜು ಒಡೆದ. ಇನ್ನಿಬ್ಬರು ನಮ್ಮವನ ಕಾಲು ಹಿಡಿದು ಎಳೆಯುತ್ತಿದ್ದರು. ಅವನು ಬಲಗೈಯಿಂದ ಬಾಗಿಲ ಚೌಕಟ್ಟನ್ನು ಹಿಡಿದಿದ್ದ. ಯಾರೋ ಆ ಬಾಗಿಲನ್ನು ರಪ್ಪನೆ ಹಾಕಿದರು. ಬೆರಳುಗಳ ಸದ್ದು ನನಗೆ ಕೇಳಿಸಿತು. ಹಸಿ ಕಬ್ಬು ಮುರಿದ ಹಾಗೆ. ಅವನು ಕೂಗಿದ್ದು ಮಾತ್ರ ನನಗೆ ನೆನಪಿಲ್ಲ. ಬಹುಶಃ ನಾನೇ ಜೋರಾಗಿ ಕೂಗಿದೆ.

"ಹವಾ ನಿಕಾಲ್!" ಎಂದು ಯಾರೋ ಅರಚಿದರು. ಸಾಲು ಮುರಿದವನಿಗೆ ಅಲ್ಲಿಯ ಶಿಕ್ಷೆ ಅದು: ಟೈರಿನ ಗಾಳಿ ಬಿಡುವುದು. ಮುಂದಿನ ಎರಡೂ ಟೈರು ಬುಸುಗುಟ್ಟುತ್ತ ಕುಸಿದವು. ಲಾರಿ ಮಂಡಿಯೂರಿತು. ಜನ ಸಿಳ್ಳೆ ಹೊಡೆದರು. ಒಳಗೆ ಜಾಲರಿಯ ಹಿಂದೆ ವಾಚ್‌ಮನ್ ಡಬ್ಬಿ ಬಿಚ್ಚಿಕೊಂಡು ಉಣ್ಣುತ್ತ ನೋಡುತ್ತಿದ್ದ.

ನಮ್ಮವನು ಈಗ ಡಾಂಬರಿನ ಮೇಲೆ ಬಿದ್ದಿದ್ದ. ಮುರಿದ ಬಲಗೈ ಎದೆಯ ಮೇಲೆ, ಎಡಗೈ ಮುಷ್ಟಿ. ಮುಷ್ಟಿಯೊಳಗೆ ಚಾವಿ. ಪಕ್ಕೆಗೆ ಒದೆಗಳು ಬೀಳುತ್ತಿದ್ದವು, ಮೂಗಿನಿಂದ ರಕ್ತ ಇಳಿಯುತ್ತಿತ್ತು, ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಅಷ್ಟರಲ್ಲಿ ಊಟ ಮುಗಿದು ವಾಚ್‌ಮನ್ ಕೂಗಿದ: "ಚಲೋ, ಅಗ್ಲಾ ಗಾಡಿ ಲಾವ್!" ಮುಂದಿನ ಗಾಡಿ ತರಬೇಕಂತೆ. ಎಲ್ಲರೂ ಗೇಟಿನ ಕಡೆ ತಿರುಗಿದರು. ಗೇಟಿನ ಬಾಯಲ್ಲಿ ತುಂಬಿದ ಲಾರಿ, ಗಾಳಿಯಿಲ್ಲದ ಟೈರು. ತಾವೇ ದಾರಿ ಮುಚ್ಚಿಕೊಂಡಿದ್ದರು.

ಸಿಟ್ಟು ಇಳಿಯಿತೆಂದುಕೊಂಡರೆ ಇಮ್ಮಡಿಯಾಯಿತು. ಗಾಳಿ ಬಿಟ್ಟವನ ಕಪಾಳಕ್ಕೆ ಇನ್ನೊಬ್ಬ ಬಾರಿಸಿದ. "ಚಾಬಿ ದೇ!" ಎನ್ನುತ್ತ ಒಬ್ಬ ತೆಳ್ಳನೆಯ ಮನುಷ್ಯ ಚಕ್ರ ಬಿಚ್ಚುವ ಕಬ್ಬಿಣದ ರಾಡನ್ನು ನಮ್ಮವನ ಎಡಮುಷ್ಟಿಯ ಮೇಲೆ ಎತ್ತಿದ. ಒಂದು ಕೈ ಹೋಗಿತ್ತು. ಎರಡನೆಯದೂ ಹೋದರೆ ಈ ಹುಡುಗ ಸ್ಟಿಯರಿಂಗ್ ಬಿಡಿ, ಅನ್ನದ ತುತ್ತೂ ಹಿಡಿಯಲಾರ.

ನಾನು ಧೈರ್ಯ ಮಾಡಿ ನಡುವೆ ಬಂದೆನೆಂದು ಬರೆಯಲು ಆಸೆಯಿದೆ. ನಿಜವಾಗಿ ಹಿಂದಿನವರು ತಳ್ಳಿದರು, ನಾನು ಎಡವಿದೆ, ಕೈಯಲ್ಲಿ ಹಿಡಿದಿದ್ದ ಛತ್ರಿಯ ಬಟನ್ ಒತ್ತಿಹೋಯಿತು, ಅದು ಆ ಮನುಷ್ಯನ ಮುಖದ ಮೇಲೆ ಫಟ್ಟನೆ ಬಿಚ್ಚಿಕೊಂಡಿತು. ರಾಡು ಛತ್ರಿಯನ್ನು ಹರಿದುಕೊಂಡು ನನ್ನ ಹೆಗಲಿಗೆ ಬಿತ್ತು. ನೋವಿನಲ್ಲಿ ನಾನು ಬಾಯಿಗೆ ಬಂದ ಹಿಂದಿಯಲ್ಲಿ ಬಡಬಡಿಸತೊಡಗಿದೆ: ಕೈ ಮುರಿದರೆ ಪೊಲೀಸರು ಬರುತ್ತಾರೆ, ಪೊಲೀಸರು ಬಂದರೆ ಪಂಚನಾಮೆ, ಪಂಚನಾಮೆ ಮುಗಿಯುವ ತನಕ ಈ ಗಾಡಿ ಇಲ್ಲೇ, ಗಾಡಿ ಇಲ್ಲಿದ್ದರೆ ಗೇಟು ಬಂದ್, ಇವತ್ತು ಬಂದ್, ನಾಳೆಯೂ ಬಂದ್, ನಾಡಿದ್ದು ಭಾನುವಾರ! ಇದು ಬುದ್ಧಿವಂತಿಕೆಯಲ್ಲ. ನನ್ನ ತಲೆಯಲ್ಲಿ ಸದಾ ಓಡುವ ಚಿಂತೆಗಳ ಮೆರವಣಿಗೆ, ಅಂದು ಬಾಯಿಂದ ಹೊರಬಿತ್ತು ಅಷ್ಟೆ. "ನಾಡಿದ್ದು ಭಾನುವಾರ" ಎಂದದ್ದೇ ತಡ, ರಾಡು ಕೆಳಗಿಳಿಯಿತು.

"ಸಾಹೇಬ್ರ," ಕೆಳಗಿನಿಂದ ನಮ್ಮವನ ದನಿ ಬಂತು. "ಛತ್ರಿ ಮುಚ್ರಿ, ಜನ ನೋಡಾಕತ್ತಾರ."

ಗುಂಪಿನಲ್ಲಿ ಒಬ್ಬಿಬ್ಬರು ನಕ್ಕರು. ಆದರೆ ಚಾವಿ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. ವಾಚ್‌ಮನ್ ಹೊರಬಂದು ಕೈ ಚಾಚಿದ. ನಮ್ಮವನು ಆ ಅಂಗೈಗೆ ಉಗುಳಿದ. ರಾಡಿನವನು ಕೇಳಿದ, ಅವನಿಗೆ ಇಲ್ಲಿ ಬರೆಯಲಾಗದ ಉತ್ತರ ಸಿಕ್ಕಿತು. ನಾನು ಬಗ್ಗಿ, "ನನ್ನ ಕೈಯಾಗ ಕೊಡೋ ತಮ್ಮಾ," ಎಂದೆ.

"ನಿಮಗ ಸೈಕಲ್ಲೂ ಬರೂದಿಲ್ರಿ," ಎಂದ. ಇಷ್ಟು ವರ್ಷ ಲಾರಿಗಳ ಅನ್ನ ತಿಂದ ನನಗೆ ಸೈಕಲ್ ಬರುವುದಿಲ್ಲ, ನಿಜ. ಅವನು ತಲೆಯೆತ್ತಿ ಸುತ್ತ ನೋಡಿದ. "ನನ್ನ ಹಿಂದಿನ ಗಾಡಿಯಂವ ಎಲ್ಲಿ?"

ಗುಂಪು ಬಿಚ್ಚಿಕೊಂಡಿತು. ಹಳದಿ ಬನಿಯನ್ನಿನವನು ಒಂದು ಕಣ್ಣು ಊದಿಸಿಕೊಂಡು ಮುಂದೆ ಬಂದು ನಿಂತ.

"ಮಲಗಿದ್ದಿ ಯಾಕಲೇ?"

"ಎರಡು ದಿನ ಆತು ಕಣ್ಣ ಮುಚ್ಚಿ. ನಿನ್ನ ಚಾವಿ ಕಿಸೆದಾಗ ಅದಂತ ಖಬರ್ ಇರಲಿಲ್ಲಪಾ."

"ಮೊದಲ ನಂದು. ಆಮ್ಯಾಲ ನಿಂದು."

"ಗೊತ್ತದ, ಕೊಡು."

ಮುಷ್ಟಿ ಬಿಚ್ಚಿತು. ಚಾವಿಯ ಅಚ್ಚು ಅಂಗೈಯಲ್ಲಿ ಕೆಂಪಗೆ ಕೂತಿತ್ತು. ಹಳದಿ ಬನಿಯನ್ನಿನವನು ತನ್ನ ಲಾರಿಯ ಬ್ರೇಕಿನ ಗಾಳಿ ಟ್ಯಾಂಕಿಗೆ ಪೈಪು ಹಚ್ಚಿ, ಕುಸಿದ ಟೈರಿಗೆ ಗಾಳಿ ತುಂಬತೊಡಗಿದ. ಗಾಳಿ ಬಿಟ್ಟವನೇ ಪೈಪಿನ ತುದಿ ಹಿಡಿದು ಕೂತ. ಅವನ ಕಪಾಳದ ಮೇಲೆ ಐದು ಬೆರಳು ಮೂಡಿದ್ದವು.

ನಾನು ನಮ್ಮವನನ್ನು ಟ್ಯಾಕ್ಸಿಗೆ ಹಾಕಿಕೊಂಡು ಸಯನ್ ಆಸ್ಪತ್ರೆಗೆ ಬಂದೆ. ಅಲ್ಲಿಯೂ ಸಾಲು ಇತ್ತು. ಅವನ ಬೆರಳುಗಳು ಬದನೆಕಾಯಿಯಂತೆ ಊದಿದ್ದವು. ನನ್ನ ಹೆಗಲು ಮೇಲೆ ಏಳುತ್ತಿರಲಿಲ್ಲ, ಆದರೂ ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಅವನ ಲಾರಿಯ ಚುಕ್ಕೆ ನೋಡುತ್ತಿದ್ದೆ. ಇವನು ನನ್ನ ಮುಖವನ್ನೇ ನೋಡುತ್ತಿದ್ದ. ಚುಕ್ಕೆ ಹಸಿರಾಯಿತು. ಕೂದಲೆಳೆಯಷ್ಟು ಸರಿಯಿತು. ಮತ್ತೆ ಕೆಂಪಾಯಿತು, ಆದರೆ ಗೇಟಿನ ಒಳಗೆ.

"ಒಳಗ ಹೋತು," ಎಂದೆ.

ಅವನು ಕಣ್ಣು ಮುಚ್ಚಿ ಗೋಡೆಗೆ ಒರಗಿದ. "ಆ ಮಗ ನಂದೇ ಮೊದಲ ಒಯ್ದಾನ." ಊದಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ: "ಕೈ ನೆಟ್ಟಗಾಗ್ಲಿ ಸಾಹೇಬ್ರ, ಅವ್ನ ಹಲ್ಲ ಉದರಸ್ತೀನಿ."

"ಲೇ, ಅವ್ನಿಂದ ಚಾವಿ ವಾಪಸ್ ಇಸಗೊಂಡಾದ ಮ್ಯಾಲನೂ?"

"ಮತ್ತ? ಅದನ್ನ ಇಸಗೊಳ್ಳದ ಹ್ಯಾಂಗ ಹೊಡೀಲಿ?"

ನಾನು ಚೀಲದಿಂದ ಆಸಿಡಿಟಿ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡೆ. ಅವನೂ ಒಂದು ಕೇಳಿದ.